ಬ್ಲಾಕ್‌ಚೈನ್‌ನಲ್ಲಿ ನಿಮ್ಮ ಕಲೆ: ಪ್ರಕಟಿಸುವುದರಿಂದ ಹಿಡಿದು ದುಡ್ಡು ಬ್ಯಾಂಕಿಗೆ ಬರುವವರೆಗೆ

2021ರ ಮಾರ್ಚ್‌ನಲ್ಲಿ ಬ್ರೆಜಿಲ್‌ನ ರಫೆಲ್ ಲಿಮಾ ಎಂಬ ಡೆವಲಪರ್ ಹಿಕ್ ಎತ್ ನುಂಕ್ ಅನ್ನುವ ಸೈಟ್ ಶುರು ಮಾಡಿದರು. ಅದೇ ತಿಂಗಳು ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಎಂಬ ಕಲಾವಿದನ ಡಿಜಿಟಲ್ ಕೃತಿ 6.93 ಕೋಟಿ ಡಾಲರ್‌ಗೆ ಹೋಯಿತು. ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಆದರೆ ನಮ್ಮಂಥ ಸಣ್ಣ ಕಲಾವಿದರಿಗೆ ಕಲಿಯುವುದಕ್ಕೆ ಇರುವುದು ಹಿಕ್ ಎತ್ ನುಂಕ್ ಕಥೆಯಲ್ಲಿ. ಟೆಜೋಸ್ ಎಂಬ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಒಟ್ಟಿಗೆ ಇಟ್ಟುಕೊಂಡ ಲೆಕ್ಕದ ಪುಸ್ತಕ) ಮೇಲೆ ನಡೆಯುತ್ತಿದ್ದ ಸೈಟ್ ಅದು. ಅಲ್ಲಿ ಕೃತಿ ಏರಿಸಲು ಚಿಲ್ಲರೆ ಕಾಸು ಸಾಕಿತ್ತು. ಬ್ರೆಜಿಲ್, ಫಿಲಿಪ್ಪೀನ್ಸ್, ಮಲೇಷ್ಯಾ, ಟರ್ಕಿ ಕಡೆಯ ಕಲಾವಿದರು ಗುಂಪುಗುಂಪಾಗಿ ಬಂದರು. ನವೆಂಬರ್‌ನಲ್ಲಿ ಒಂದು ದಿನ ಲಿಮಾ ಏಕಾಏಕಿ ಸೈಟ್ ಮುಚ್ಚಿಬಿಟ್ಟರು.

ಕೃತಿಗಳು ಮಾತ್ರ ಹೋಗಲಿಲ್ಲ. ಟೋಕನ್‌ಗಳು, ಅಂದರೆ ಕೃತಿ ಯಾರದು ಎಂದು ಹೇಳುವ ದಾಖಲೆಗಳು, ಟೆಜೋಸ್ ಮೇಲೆ ಇದ್ದವು, ಚಿತ್ರದ ಫೈಲುಗಳು ಐಪಿಎಫ್‌ಎಸ್ ಎಂಬ ಹಂಚಿಕೊಂಡ ಸಂಗ್ರಹದಲ್ಲಿ ಇದ್ದವು. ಸೈಟ್ ಅವನ್ನು ತೋರಿಸುವ ಕಿಟಕಿ ಮಾತ್ರ ಆಗಿತ್ತು. ಬಳಸುತ್ತಿದ್ದವರೇ ಸೇರಿ ಬೇಗನೆ ಅದರ ನಕಲು ಸೈಟುಗಳನ್ನು ನಿಲ್ಲಿಸಿದರು. ಮುಂದೆ ಅದೇ ಬಳಗದಿಂದ ಟೇಯಾ ಎಂಬ ತಾಣ ಬಂತು.

ಇದಕ್ಕೆ ಉಲ್ಟಾ ಕಥೆ 2022ರ ನವೆಂಬರ್‌ನದು. ಕ್ರಿಪ್ಟೋ ನಾಣ್ಯ ಕೊಂಡು ಮಾರುವ ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜ್ ದಿವಾಳಿಯಾಯಿತು. ಅದರ ಮಾರುಕಟ್ಟೆಯಲ್ಲಿ ಮಾಡಿದ್ದ ಎನ್‌ಎಫ್‌ಟಿಗಳ (ಒಂದೊಂದು ಕೃತಿಗೆ ಮಾಡುವ ಇಂಥ ಟೋಕನ್‌ಗಳ) ಚಿತ್ರಗಳು ಮಾಯವಾದವು. ಟೋಕನ್ ಇತ್ತು, ಚಿತ್ರವೇ ಇರಲಿಲ್ಲ. ಫೈಲುಗಳು ಆ ಕಂಪನಿಯ ಸರ್ವರಿಗೇ ಜೋತುಬಿದ್ದಿದ್ದವು.

ಈ ಮಾರ್ಗದರ್ಶಿ ನಿಂತಿರುವುದು ಈ ಎರಡು ಕಥೆಗಳ ಮೇಲೆ. ಕೀ (ನಿಮ್ಮ ಟೋಕನ್, ದುಡ್ಡಿನ ಬೀಗ ತೆಗೆಯುವ ಗುಟ್ಟು), ಫೈಲ್, ಕಾಂಟ್ರ್ಯಾಕ್ಟ್ (ಟೋಕನ್ ಹುಟ್ಟಿಸಿ ಅದರ ಲೆಕ್ಕ ಇಡುವ, ಚೈನ್ ಮೇಲಿನ ಕೋಡ್) – ಈ ಮೂರು ನಿಮ್ಮ ಕೈಯಲ್ಲಿದ್ದರೆ ಯಾವ ಸೈಟ್ ಮುಚ್ಚಿದರೂ ನಿಮ್ಮ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಬ್ಲಾಕ್‌ಚೈನ್ ಅನ್ನುವುದು ಬರೀ ಹೆಸರಿಗೆ.

ಮೊದಲು: ಇದು ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಬ್ಲಾಕ್‌ಚೈನ್ ಕೊಡುವುದು ಎರಡೇ. ಒಂದು, ಇಂಥ ವ್ಯಾಲೆಟ್‌ನಿಂದ (ಟೋಕನ್, ಕ್ರಿಪ್ಟೋ ನಾಣ್ಯ ನೋಡಿಕೊಳ್ಳುವ ಆ್ಯಪ್) ಇಂಥ ದಿನ ಈ ಕೃತಿ ಹೊರಬಂತು, ಈಗ ಇಂಥವರ ಹತ್ತಿರ ಇದೆ ಅನ್ನುವ ದಾಖಲೆ. ಅದನ್ನು ಯಾರು ಬೇಕಾದರೂ ನೋಡಬಹುದು, ಯಾರೂ ತಿದ್ದಲಾಗದು. ಎರಡು, ಜಗತ್ತಿನ ಯಾವ ಮೂಲೆಯಿಂದಲೂ ನೇರವಾಗಿ ದುಡ್ಡು ಪಡೆಯುವ ದಾರಿ.

ಟೋಕನ್ ಅಂದರೆ ಪಹಣಿ ಇದ್ದ ಹಾಗೆ. ಯಾರ ಹೆಸರಲ್ಲಿದೆ ಎಂದು ಹೇಳುತ್ತದೆ, ಜಮೀನು ಇರುವುದು ಬೇರೆ ಕಡೆ.

ಕೊಡದೇ ಇರುವುದು ಜಾಸ್ತಿ. ಗಿರಾಕಿಗಳನ್ನು ಅದು ಕರೆತರುವುದಿಲ್ಲ. ನಿಮ್ಮ ಚಿತ್ರವನ್ನು ಯಾರೋ ಡೌನ್‌ಲೋಡ್ ಮಾಡಿಕೊಂಡರೆ ತಡೆಯುವುದಿಲ್ಲ. ಚಿತ್ರ ನಿಜವಾಗಿ ನಿಮ್ಮದೇನಾ ಅಂತ ಪರೀಕ್ಷೆಯನ್ನೂ ಮಾಡುವುದಿಲ್ಲ. 2022ರ ಜನವರಿಯಲ್ಲಿ ಓಪನ್‌ಸೀ ಎಂಬ ದೊಡ್ಡ ಮಾರುಕಟ್ಟೆ ತಾನೇ ಹೇಳಿಕೊಂಡ ಮಾತಿದು: ತನ್ನ ಉಚಿತ ಉಪಕರಣದಿಂದ ತಯಾರಾಗಿದ್ದವುಗಳಲ್ಲಿ 80%ಕ್ಕೂ ಹೆಚ್ಚು ಕದ್ದವು, ನಕಲಿ ಅಥವಾ ಕಸ. ಆ ವರ್ಷದ ಕೊನೆಗೆ ಮಾರುಕಟ್ಟೆಯೂ ಕುಸಿಯಿತು. 2021ರ ಬೆಲೆಗಳನ್ನು ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಯಾರಿಗೆ ಇದು ಸರಿ? ಡಿಜಿಟಲ್ ಚಿತ್ರ, ಆನಿಮೇಷನ್, ಫೋಟೋ, ಸಂಗೀತ, ಕೋಡ್‌ನಿಂದ ಬಿಡಿಸುವ ಕಲೆ ಮಾಡುವವರಿಗೆ. ಪರದೇಶದಲ್ಲಿ ನೋಡುಗರಿರುವವರಿಗೆ. ತಿಂಗಳ ಬಾಡಿಗೆ ಇದರಿಂದಲೇ ಬರಬೇಕು ಅನ್ನುವವರಿಗೆ ಈಗಲೇ ಬೇಡ.

ಹಂತ 1: ಹಕ್ಕು ನಿಮ್ಮದೇನಾ, ನೋಡಿಕೊಳ್ಳಿ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕೃತಿ ಮಾಡಿದವರೇ ಮೊದಲ ಮಾಲೀಕರು. ಆದರೆ ಸಂಬಳಕ್ಕಿದ್ದು ಆಫೀಸಿನ ಕೆಲಸವಾಗಿ ಬಿಡಿಸಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ಅದು ಸಾಮಾನ್ಯವಾಗಿ ಕಂಪನಿಯದು. ಜಾಹೀರಾತು ಏಜೆನ್ಸಿಯಲ್ಲೋ ಗೇಮ್ ಸ್ಟುಡಿಯೋದಲ್ಲೋ ಇರುವವರು ಇದನ್ನು ಎರಡು ಸಲ ನೋಡಿಕೊಳ್ಳಿ.

ಹಾಡಿನ ವಿಷಯ ಇನ್ನೂ ಸಿಕ್ಕು. ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಇನ್ನೊಬ್ಬರದು, ಧ್ವನಿಮುದ್ರಣ ಮತ್ತೊಬ್ಬರದು. ಮೂರೂ ಬೇರೆ ಬೇರೆ ಹಕ್ಕು. ನೀವು ಐಪಿಆರ್‌ಎಸ್ (ಹಾಡು ಬರೆಯುವವರ, ಸಂಯೋಜಕರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಸಂಘ) ಸದಸ್ಯರಾಗಿದ್ದರೆ ಅವರಿಗೆ ಏನೇನು ಬರೆದುಕೊಟ್ಟಿದ್ದೀರಿ ಎಂದು ಆ ಪತ್ರ ತೆಗೆದು ಓದಿ. ಯಕ್ಷಗಾನದ ಒಂದು ಪದ್ಯ ರೆಕಾರ್ಡ್ ಮಾಡಿ ಮಾರುವುದಾದರೆ ಭಾಗವತರು, ಮದ್ದಳೆ, ಚೆಂಡೆಯವರು ಎಲ್ಲರ ಒಪ್ಪಿಗೆ ಬರಹದಲ್ಲಿ ಇರಲಿ. ಬಾಯಿಮಾತು ದುಡ್ಡು ಬಂದ ದಿನ ಮರೆತುಹೋಗುತ್ತದೆ.

ಜನಪದ ಕಲೆಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಮೈಸೂರು ಚಿತ್ರಕಲೆ, ಮೈಸೂರು ಗಂಜೀಫಾ, ಕಿನ್ನಾಳ ಗೊಂಬೆ, ಚನ್ನಪಟ್ಟಣದ ಆಟಿಕೆ ಇವಕ್ಕೆಲ್ಲ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಹೆಸರನ್ನು ಹೇಗೆ ಬೇಕೋ ಹಾಗೆ ಬಳಸುವಂತಿಲ್ಲ. ಮಲೆನಾಡಿನ ದೀವರ ಮನೆಯ ಚಿತ್ತಾರದ ಫೋಟೋ ತೆಗೆದು ‘ನನ್ನ ಕೃತಿ’ ಎಂದು ಏರಿಸುವುದಂತೂ ಕಾನೂನು ಆಮೇಲಿನ ಮಾತು, ಮೊದಲು ಮರ್ಯಾದೆಯ ಪ್ರಶ್ನೆ.

ಟೋಕನ್ ಕೊಂಡವರಿಗೆ ಕೃತಿಸ್ವಾಮ್ಯ ಹೋಗುವುದಿಲ್ಲ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆಗೆ ಸಹಿ ಹಾಕಿದ ಬರಹ ಬೇಕು. ಅಂಥ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ ಎಂದು ತಿಳಿಯಬೇಕು. ಆದ್ದರಿಂದ ಕೊಂಡವರು ಏನು ಮಾಡಬಹುದು ಎಂದು ವಿವರಣೆಯಲ್ಲೇ ಎರಡು ಸಾಲು ಬರೆಯಿರಿ: ‘ಸ್ವಂತಕ್ಕೆ ಇಟ್ಟುಕೊಳ್ಳಬಹುದು, ತೋರಿಸಬಹುದು, ಮರುಮಾರಾಟ ಮಾಡಬಹುದು. ಮುದ್ರಿಸಿ ಮಾರುವಂತಿಲ್ಲ. ಕೃತಿಸ್ವಾಮ್ಯ ಕಲಾವಿದರದು.’ ಇದನ್ನೇ ಇಂಗ್ಲಿಷಿನಲ್ಲೂ ಹಾಕಿ.

ಹಂತ 2: ವ್ಯಾಲೆಟ್ ಮತ್ತು ಕೀ

ವ್ಯಾಲೆಟ್ ಆ್ಯಪ್ ಉಚಿತ. ಇಥೀರಿಯಂ ಕಡೆಗೆ ಮೆಟಾಮಾಸ್ಕ್, ಟೆಜೋಸ್ ಕಡೆಗೆ ಟೆಂಪಲ್ ಅಥವಾ ಕುಕಾಯ್ ಬಳಸುವವರು ಜಾಸ್ತಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿ ಒತ್ತಬೇಡಿ. ನಕಲಿ ವ್ಯಾಲೆಟ್‌ಗಳು ಅಲ್ಲೇ ಕಾದಿರುತ್ತವೆ.

ವ್ಯಾಲೆಟ್ ತೆರೆದಾಗ 12 ಅಥವಾ 24 ಇಂಗ್ಲಿಷ್ ಪದಗಳ ಸಾಲು ಬರುತ್ತದೆ. ಇದೇ ಸೀಡ್ ಫ್ರೇಸ್, ನಿಮ್ಮ ಕೀ ಹುಟ್ಟುವುದು ಇದರಿಂದಲೇ. ಇದು ಗೊತ್ತಿದ್ದವರೇ ವ್ಯಾಲೆಟ್‌ನ ಯಜಮಾನರು. ಕಾಗದದ ಮೇಲೆ ಬರೆದು ಎರಡು ಬೇರೆ ಜಾಗದಲ್ಲಿ ಇಡಿ. ಸ್ಕ್ರೀನ್‌ಶಾಟ್ ಬೇಡ, ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳುವುದು ಬೇಡ, ಗೂಗಲ್ ಡ್ರೈವ್ ಬೇಡ. ಕಳೆದುಹೋದರೆ ತೆಗೆದುಕೊಡುವ ಕಸ್ಟಮರ್ ಕೇರ್ ಯಾವುದೂ ಇಲ್ಲ. ‘ಸಪೋರ್ಟ್ ಟೀಮ್’ ಎಂದು ಕೇಳಿದವರೆಲ್ಲ ಕಳ್ಳರೇ. ಇದಕ್ಕೆ ಒಂದು ಅಪವಾದವೂ ಇಲ್ಲ.

ಎರಡು ವ್ಯಾಲೆಟ್ ಇಟ್ಟುಕೊಳ್ಳಿ. ಒಂದು ಕೃತಿ ಏರಿಸಲು, ಸೈಟ್‌ಗಳಿಗೆ ಜೋಡಿಸಲು. ಇನ್ನೊಂದು ದುಡ್ಡು ಇಡಲು ಮಾತ್ರ, ಅದನ್ನು ಯಾವ ಸೈಟ್‌ಗೂ ಜೋಡಿಸಬೇಡಿ. ಮೊತ್ತ ಬೆಳೆದರೆ ಎರಡನೆಯದಕ್ಕೆ ಲೆಜರ್ ಅಥವಾ ಟ್ರೆಜರ್‌ನಂಥ ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳಿ. ಅದನ್ನೂ ಕಂಪನಿಯಿಂದ ನೇರವಾಗಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ಮೊದಲ ವ್ಯಾಲೆಟ್‌ನ ವಿಳಾಸವೇ ಇನ್ನು ನಿಮ್ಮ ಸಹಿ. ನಿಮ್ಮ ವೆಬ್‌ಸೈಟ್, ಇನ್‌ಸ್ಟಾಗ್ರಾಂ ಎಲ್ಲ ಕಡೆ ಅದನ್ನು ಹಾಕಿ. ನಾಳೆ ಯಾರಾದರೂ ನಿಮ್ಮ ಚಿತ್ರ ಕದ್ದು ಏರಿಸಿದರೆ, ಯಾವುದು ಅಸಲಿ ಎಂದು ಜನ ತಾಳೆ ನೋಡುವುದು ಈ ವಿಳಾಸವನ್ನೇ.

ಹಂತ 3: ಯಾವ ಚೈನ್, ಯಾರ ಕಾಂಟ್ರ್ಯಾಕ್ಟ್

ಇಥೀರಿಯಂ 2015ರಲ್ಲಿ ಶುರುವಾಯಿತು. ಹೆಚ್ಚು ಬೆಲೆ ಕೊಡುವ ಸಂಗ್ರಾಹಕರು ಇರುವುದು ಅಲ್ಲೇ. 2021ರಲ್ಲಿ ಒಂದು ಕೃತಿ ಏರಿಸಲು ಸಾವಿರಾರು ರೂಪಾಯಿ ಗ್ಯಾಸ್ ಫೀ (ಚೈನ್ ಬಳಸಿದ್ದಕ್ಕೆ ಕೊಡುವ ಶುಲ್ಕ) ಆಗುತ್ತಿತ್ತು. 2024ರ ಮಾರ್ಚ್‌ನ ಡೆನ್‌ಕುನ್ ಅಪ್‌ಗ್ರೇಡ್ ಆದಮೇಲೆ ಬೇಸ್, ಆಪ್ಟಿಮಿಸಂನಂಥ, ಇಥೀರಿಯಂ ಮೇಲೆ ಕಟ್ಟಿದ ಎರಡನೇ ಪದರದ ಚೈನ್‌ಗಳಲ್ಲಿ ಫೀ ತೀರಾ ಕಡಿಮೆಯಾಗಿದೆ. ವಿದ್ಯುತ್ ಬಗ್ಗೆ ಕೇಳುವವರು ಇನ್ನೂ ಇದ್ದಾರೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗ್ (ಕಂಪ್ಯೂಟರ್‌ಗಳು ಪೈಪೋಟಿಯಲ್ಲಿ ವಹಿವಾಟು ದಾಖಲಿಸುವ, ವಿದ್ಯುತ್ ತಿನ್ನುವ ವಿಧಾನ) ಬಿಟ್ಟಿತು, ವಿದ್ಯುತ್ ಬಳಕೆ 99%ಕ್ಕಿಂತ ಹೆಚ್ಚು ಇಳಿಯಿತು. ಟೆಜೋಸ್‌ನಲ್ಲಂತೂ ಮೈನಿಂಗ್ ಇರಲೇ ಇಲ್ಲ.

ನನ್ನ ಸಲಹೆ: ಕಲಿಯಲು ಟೆಜೋಸ್. ಅಲ್ಲಿ ಕಲಾವಿದರೇ ಒಬ್ಬರಿನ್ನೊಬ್ಬರ ಕೃತಿ ಕೊಳ್ಳುವ ರೂಢಿ ಇದೆ. ಆಬ್ಜೆಕ್ಟ್ ಎಂಬ ಮಾರುಕಟ್ಟೆ ದೊಡ್ಡದು (ಹೆಸರನ್ನು ಓ-ಬಿ-ಜೆ-ಕೆ-ಟಿ ಎಂದು ಬರೆಯುತ್ತಾರೆ, ಹುಡುಕುವಾಗ ನೆನಪಿರಲಿ). ಕೈ ಪಳಗಿದ ಮೇಲೆ ಆಯ್ದ ಕೆಲಸಗಳನ್ನು ಇಥೀರಿಯಂನಲ್ಲಿ ಹಾಕಿ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಸೈಟ್‌ಗೆ ಹೋಗಿ ಸುಮ್ನೆ ‘ಕ್ರಿಯೇಟ್’ ಒತ್ತಿದರೆ ನಿಮ್ಮ ಕೃತಿ ಆ ಸೈಟ್‌ನವರ ಸಾಮಾನ್ಯ ಕಾಂಟ್ರ್ಯಾಕ್ಟ್‌ಗೆ, ಸಾವಿರಾರು ಜನರ ಕೃತಿಗಳ ನಡುವೆ ಸೇರಬಹುದು. ಅದರ ಬದಲು ನಿಮ್ಮದೇ ಹೆಸರಿನ ಕಾಂಟ್ರ್ಯಾಕ್ಟ್ ಮಾಡಿಕೊಳ್ಳಿ. ಇಥೀರಿಯಂನಲ್ಲಿ ಇದಕ್ಕೆ ಕಲಾವಿದರು ಹೆಚ್ಚಾಗಿ ಬಳಸುವುದು ಮ್ಯಾನಿಫೋಲ್ಡ್. ಕೋಡ್ ಬರೆಯಬೇಕಿಲ್ಲ. ಆಬ್ಜೆಕ್ಟ್‌ನಲ್ಲೂ ಸ್ವಂತ ಕಲೆಕ್ಷನ್ ತೆರೆಯಬಹುದು. ಒಂದೇ ಪ್ರತಿಯ ಕೃತಿಗೆ ಇಆರ್‌ಸಿ-721, ಹಲವು ಪ್ರತಿಗಳಿಗೆ ಇಆರ್‌ಸಿ-1155 ಎಂಬ ಮಾದರಿ ಆಯ್ದುಕೊಳ್ಳಿ. ಕಾಂಟ್ರ್ಯಾಕ್ಟ್ ನಿಮ್ಮದಾದರೆ ಒಂದೇ ಕೃತಿಯನ್ನು ಬೇರೆ ಬೇರೆ ಮಾರುಕಟ್ಟೆಗಳಲ್ಲಿ ತೋರಿಸಬಹುದು. ಒಂದು ಸೈಟ್ ಬಾಗಿಲು ಹಾಕಿದರೆ ಇನ್ನೊಂದಕ್ಕೆ ಹೋಗಬಹುದು.

ಹಂತ 4: ಫೈಲ್ ಮತ್ತು ವಿವರ – ಇಲ್ಲಿ ಆತುರ ಬೇಡ

ಚಿತ್ರದ ಫೈಲ್ ಸಾಮಾನ್ಯವಾಗಿ ಬ್ಲಾಕ್‌ಚೈನ್ ಒಳಗೆ ಹೋಗುವುದಿಲ್ಲ. ಅಲ್ಲಿ ಜಾಗ ದುಬಾರಿ. ಟೋಕನ್‌ನಲ್ಲಿ ಒಂದು ಕೊಂಡಿ ಇರುತ್ತದೆ. ಆ ಕೊಂಡಿ, ಶೀರ್ಷಿಕೆ, ವಿವರಣೆ ಇರುವ ಮೆಟಾಡೇಟಾ ಎಂಬ ಪುಟ್ಟ ಫೈಲ್‌ಗೆ, ಅಲ್ಲಿಂದ ಚಿತ್ರಕ್ಕೆ ಹೋಗುತ್ತದೆ. ಈ ಸರಪಳಿಯಲ್ಲಿ ಎಲ್ಲಿ ಕಡಿದರೂ ಕೊಂಡವರಿಗೆ ಖಾಲಿ ಚೌಕ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿ ನೈಕಿ ಕೊಂಡಿದ್ದ ಆರ್‌ಟಿಎಫ್‌ಕೆಟಿ ಎಂಬ ಕಂಪನಿಯ ಕ್ಲೋನ್‌ಎಕ್ಸ್ ಎನ್‌ಎಫ್‌ಟಿಗಳ ಚಿತ್ರಗಳು ಹೀಗೇ ಸ್ವಲ್ಪ ಹೊತ್ತು ಮಾಯವಾಗಿದ್ದವು. ದೊಡ್ಡ ಕಂಪನಿ ಹಿಂದಿದ್ದರೂ ಇದು ತಪ್ಪಲಿಲ್ಲ.

ಕೊಂಡಿ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಿ ಯಾವುದೋ ಕಂಪನಿಯ ವಿಳಾಸ ಇದ್ದರೆ ಎಚ್ಚರ. ‘ಐಪಿಎಫ್‌ಎಸ್’ ಅಥವಾ ‘ಎಆರ್’ (ಆರ್‌ವೀವ್ ಎಂಬ ಸಂಗ್ರಹದ ಗುರುತು) ಎಂದು ಶುರುವಾಗಬೇಕು. ಐಪಿಎಫ್‌ಎಸ್‌ನಲ್ಲಿ ಫೈಲ್‌ನ ವಿಳಾಸ ಅದರ ಒಳಗಿರುವುದರಿಂದಲೇ ಹುಟ್ಟುತ್ತದೆ. ಒಂದು ಪಿಕ್ಸೆಲ್ ಬದಲಾದರೂ ವಿಳಾಸ ಬೇರೆ. ಆದರೆ ಐಪಿಎಫ್‌ಎಸ್‌ಗೆ ಹಾಕಿದ್ದು ತನ್ನಷ್ಟಕ್ಕೆ ಶಾಶ್ವತ ಅಲ್ಲ. ಯಾರಾದರೂ ಅದನ್ನು ಹಿಡಿದಿಟ್ಟುಕೊಂಡಿರಬೇಕು. ಇದಕ್ಕೆ ಪಿನ್ ಮಾಡುವುದು ಅನ್ನುತ್ತಾರೆ. ಪಿನಾಟಾದಂಥ ಸೇವೆಗಳು ಇದನ್ನು ಮಾಡುತ್ತವೆ. ಆರ್‌ವೀವ್ ಬೇರೆ ಥರ: ಒಮ್ಮೆ ದುಡ್ಡು ಕೊಟ್ಟರೆ ದೀರ್ಘಕಾಲ ಇಡುವ ಲೆಕ್ಕಾಚಾರ. ಮುಖ್ಯ ಕೃತಿಗಳಿಗೆ ನಾನು ಆರ್‌ವೀವ್ ಆರಿಸುತ್ತೇನೆ. ಯಾವುದನ್ನೇ ಬಳಸಿ, ಮೂಲ ಫೈಲ್ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇರಲೇಬೇಕು. ಅದೇ ಫೈಲ್, ಅಕ್ಷರಶಃ ಅದೇ. ಮತ್ತೆ ಸೇವ್ ಮಾಡಿದರೆ ಒಳಗಿನ ಬೈಟ್‌ಗಳು ಬದಲಾಗಿ ವಿಳಾಸ ಹೊಂದುವುದಿಲ್ಲ.

ಇನ್ನು ಕನ್ನಡದವರಿಗೆ ಎದುರಾಗುವ ತೊಂದರೆಗಳು. ಇವನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಯಾರೂ ಹೇಳುವುದಿಲ್ಲ.

ಶೀರ್ಷಿಕೆ, ವಿವರಣೆ ಯೂನಿಕೋಡ್‌ನಲ್ಲೇ ಇರಲಿ. ನುಡಿ ಅಥವಾ ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ‘ಕನ್ನಡ’ ಇದ್ದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಡಿಟಿಪಿ ಅಂಗಡಿಯಿಂದ ತಂದ ಪಠ್ಯಗಳಲ್ಲಿ ಇದು ತುಂಬಾ ಸಾಮಾನ್ಯ. ವೆಬ್‌ಸೈಟ್ ಆದರೆ ತಿದ್ದಬಹುದು. ಇಲ್ಲಿ ಬೀಗ ಹಾಕಿದ ಮೆಟಾಡೇಟಾ ತಿದ್ದಲು ಬರುವುದಿಲ್ಲ. ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಫೋನಿನಲ್ಲಿ ಒಮ್ಮೆ, ಕಂಪ್ಯೂಟರ್‌ನಲ್ಲಿ ಒಮ್ಮೆ ಓದಿ ನೋಡಿ.

ಕೃತಿಯೇ ಎಸ್‌ವಿಜಿ (ರೇಖೆಗಳ ಲೆಕ್ಕದಲ್ಲಿ ಚಿತ್ರ ಉಳಿಸುವ ಫೈಲ್) ಆಗಿದ್ದು ಅದರಲ್ಲಿ ಕನ್ನಡ ಅಕ್ಷರ ಇದ್ದರೆ, ಅಕ್ಷರಗಳನ್ನು ಪಾತ್‌ಗೆ, ಅಂದರೆ ಬರೀ ರೇಖೆಗಳಿಗೆ ಬದಲಿಸಿ. ಇಂಕ್‌ಸ್ಕೇಪ್‌ನಲ್ಲೂ ಇಲಸ್ಟ್ರೇಟರ್‌ನಲ್ಲೂ ಇದಕ್ಕೆ ಆಯ್ಕೆ ಇದೆ. ಹಾಗೆ ಮಾಡದಿದ್ದರೆ ನೋಡುವವರ ಸಾಧನದಲ್ಲಿ ಯಾವ ಫಾಂಟ್ ಇದೆಯೋ ಅದರಲ್ಲಿ ಕಾಣುತ್ತದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳಬಹುದು. ಫಾಂಟ್‌ನ ಲೈಸೆನ್ಸ್ ಕೂಡ ನೋಡಿಕೊಳ್ಳಿ. ಎಲ್ಲ ಕನ್ನಡ ಫಾಂಟೂ ವ್ಯಾಪಾರಕ್ಕೆ ಮುಕ್ತವಲ್ಲ.

ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡಿ. ಸಂಗ್ರಾಹಕರು ಹುಡುಕುವುದು ಇಂಗ್ಲಿಷಿನಲ್ಲಿ. ವಿವರಣೆಯಲ್ಲಿ ಮಾಧ್ಯಮ, ವರ್ಷ, ಅಳತೆ, ಕೆಲಸದ ಹಿಂದಿನ ಎರಡು ಮಾತು ಸಾಕು. ಗಂಜೀಫಾ ಅಂದರೆ ಏನು ಎಂದು ಲಿಸ್ಬನ್‌ನಲ್ಲಿ ಕೂತವರಿಗೆ ಗೊತ್ತಿಲ್ಲ ಅಲ್ವಾ? ಅದನ್ನು ಹೇಳಿ.

ಬರಹಗಾರರಿಗೆ ದಾರಿ ಸ್ವಲ್ಪ ಬೇರೆ. ಮಿರರ್ ಎಂಬ ತಾಣ ಲೇಖನಗಳನ್ನು ಆರ್‌ವೀವ್‌ನಲ್ಲಿ ಇಟ್ಟು, ಓದುಗರು ಅದರ ಪ್ರತಿ ಸಂಗ್ರಹಿಸುವ ವ್ಯವಸ್ಥೆ ತಂದಿತ್ತು. 2024ರಲ್ಲಿ ಅದು ಪ್ಯಾರಾಗ್ರಾಫ್ ಎಂಬ ಸೇವೆಯ ಕೈಗೆ ಹೋಯಿತು. ಕನ್ನಡ ಕವಿತೆ, ಕಥೆಗೆ ಇಲ್ಲಿ ಓದುಗರು ಸಿಗುವುದು ಕಷ್ಟ, ಮುಚ್ಚಿಡುವುದೇನಿಲ್ಲ. ಕವಿತೆ ಜೊತೆ ಚಿತ್ರವೋ ವಾಚನದ ಧ್ವನಿಯೋ ಇದ್ದರೆ ಸ್ವಲ್ಪ ವಾಸಿ.

ಹಂತ 5: ಏರಿಸುವುದು

ಇದನ್ನು ಮಿಂಟ್ ಮಾಡುವುದು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇಡೀ ದಾರಿಯಲ್ಲಿ ಇದೇ ಸುಲಭದ ಹಂತ.

1. ಮೊದಲು ವ್ಯಾಲೆಟ್‌ಗೆ ಫೀ ಕಟ್ಟುವಷ್ಟು ಕ್ರಿಪ್ಟೋ ನಾಣ್ಯ ಬೇಕು. ಭಾರತದ ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿಯಾದ ಎಕ್ಸ್‌ಚೇಂಜ್‌ನಲ್ಲಿ ಪ್ಯಾನ್, ಆಧಾರ್ ಕೊಟ್ಟು ಖಾತೆ ತೆರೆಯಿರಿ. ಸ್ವಂತ ವ್ಯಾಲೆಟ್‌ಗೆ ನಾಣ್ಯ ಕಳಿಸಲು ಬಿಡುತ್ತಾರಾ ಎಂದು ದುಡ್ಡು ಹಾಕುವ ಮೊದಲೇ ನೋಡಿ.
2. ಸ್ವಲ್ಪವೇ ಸ್ವಲ್ಪ ಕಳಿಸಿ ನೋಡಿ. ಬಂತು ಎಂದಾದ ಮೇಲೆ ಉಳಿದದ್ದು.
3. ಸೈಟ್‌ನಲ್ಲಿ ಸೆಪೋಲಿಯಾದಂಥ ಟೆಸ್ಟ್‌ನೆಟ್ (ಅಭ್ಯಾಸಕ್ಕೆಂದೇ ಇರುವ ಚೈನ್) ಆಯ್ಕೆ ಇದ್ದರೆ ಅಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡಿ. ಖರ್ಚಿಲ್ಲ.
4. ಕಾಂಟ್ರ್ಯಾಕ್ಟ್ ತೆರೆಯಿರಿ, ಫೈಲ್ ಏರಿಸಿ, ವಿವರ ತುಂಬಿ, ಪ್ರತಿಗಳ ಸಂಖ್ಯೆ ಮತ್ತು ರಾಯಲ್ಟಿ (ಮರುಮಾರಾಟದಲ್ಲಿ ನಿಮ್ಮ ಪಾಲು) ಹಾಕಿ, ಸಹಿ ಮಾಡಿ.
5. ವ್ಯಾಲೆಟ್‌ನಲ್ಲಿ ಬರುವ ಸಹಿ ಕಿಟಕಿಯನ್ನು ಓದದೆ ಒತ್ತಬೇಡಿ. ‘ಎಲ್ಲವನ್ನೂ ನಿರ್ವಹಿಸಲು ಅನುಮತಿ’ ಎಂಬ ಅರ್ಥದ ಮಾತು ಕಂಡರೆ ನಿಲ್ಲಿ. ನಂಬಿಕೆಯ ಮಾರುಕಟ್ಟೆಗೆ ಬಿಟ್ಟು ಬೇರೆ ಯಾರಿಗೂ ಆ ಅನುಮತಿ ಕೊಡಬಾರದು. ಕೊಟ್ಟ ಅನುಮತಿಗಳನ್ನು ರಿವೋಕ್ ಡಾಟ್ ಕ್ಯಾಶ್ ಎಂಬಲ್ಲಿ ನೋಡಿ ಹಿಂತೆಗೆಯಬಹುದು.

ತಂಡದ ಕೆಲಸವಾದರೆ ದುಡ್ಡು ಹಂಚುವ ಸ್ಪ್ಲಿಟ್ ಕಾಂಟ್ರ್ಯಾಕ್ಟ್ ಹಾಕಿ. ಭಾಗವತರಿಗೆ 40%, ಮದ್ದಳೆಗೆ 30%, ಚೆಂಡೆಗೆ 30% ಎಂದು ಬರೆದುಬಿಟ್ಟರೆ ಬಂದ ದುಡ್ಡು ಹಾಗೇ ಪಾಲಾಗುತ್ತದೆ, ಲೆಕ್ಕ ಎಲ್ಲರಿಗೂ ಕಾಣುತ್ತದೆ. ಬ್ಲಾಕ್‌ಚೈನ್‌ನಿಂದ ಆದ ಒಳ್ಳೆಯ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಹಂತ 6: ಬೆಲೆ, ರಾಯಲ್ಟಿ

ಹೊಸಬರು ಒಂದೇ ಪ್ರತಿಗೆ ದೊಡ್ಡ ಬೆಲೆ ಇಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅದರ ಬದಲು ಕಡಿಮೆ ಬೆಲೆಗೆ 10, 20 ಪ್ರತಿ ಮಾಡಿ. ಕೊಂಡವರ ಸಂಖ್ಯೆ ಬೆಳೆಯಲಿ. ಮಾರಿಹೋಗದ ಪ್ರತಿಗಳನ್ನು ಬರ್ನ್ ಮಾಡುವ, ಅಂದರೆ ಅಳಿಸುವ ಅವಕಾಶವಿದೆ. ಬೆಲೆಯನ್ನು ಡಾಲರ್ ಲೆಕ್ಕದಲ್ಲಿ ಯೋಚಿಸಿ, ನಾಣ್ಯದ ಲೆಕ್ಕದಲ್ಲಿ ಅಲ್ಲ. ನಾಣ್ಯದ ಬೆಲೆ ವಾರದಲ್ಲೇ ಏರುಪೇರಾಗುತ್ತದೆ.

ರಾಯಲ್ಟಿ ಬಗ್ಗೆ ತುಂಬ ಆಸೆ ಬೇಡ. ‘ಮರುಮಾರಾಟದಲ್ಲಿ ಪ್ರತಿ ಸಲವೂ ನಿಮಗೆ 10% ತಾನಾಗಿ ಬರುತ್ತದೆ’ ಎಂದು 2021ರಲ್ಲಿ ಎಲ್ಲರೂ ಹೇಳಿದರು. ಇಆರ್‌ಸಿ-2981 ಎಂಬ ಮಾದರಿ ರಾಯಲ್ಟಿ ಎಷ್ಟು ಎಂದು ತಿಳಿಸುತ್ತದೆ ಅಷ್ಟೇ, ವಸೂಲಿ ಮಾಡುವುದಿಲ್ಲ. ಕೊಡುವುದು ಬಿಡುವುದು ಮಾರುಕಟ್ಟೆಯ ಇಷ್ಟ. 2022ರಲ್ಲಿ ಬಂದ ಬ್ಲರ್ ಎಂಬ ಮಾರುಕಟ್ಟೆಯ ಜೊತೆ ಪೈಪೋಟಿಯಲ್ಲಿ ಓಪನ್‌ಸೀ ಕೂಡ 2023ರ ಆಗಸ್ಟ್ ಕೊನೆಗೆ ಕಡ್ಡಾಯ ವಸೂಲಿಗಿದ್ದ ತನ್ನ ವ್ಯವಸ್ಥೆ ನಿಲ್ಲಿಸಿತು. ಮೊದಲ ಮಾರಾಟದ ದುಡ್ಡನ್ನೇ ಲೆಕ್ಕಕ್ಕೆ ಹಿಡಿಯಿರಿ. ರಾಯಲ್ಟಿ ಬಂದರೆ ಬರಲಿ.

ಸೋಜಿಗ ಏನೆಂದರೆ, ಮರುಮಾರಾಟದಲ್ಲಿ ಪಾಲು ಅನ್ನುವುದು ನಮ್ಮ ಕಾನೂನಿನಲ್ಲಿ ಎನ್‌ಎಫ್‌ಟಿಗಿಂತ ಮೊದಲೇ ಇದೆ. ಕೃತಿಸ್ವಾಮ್ಯ ಕಾಯ್ದೆಯ 53ಎ ಸೆಕ್ಷನ್ ನೋಡಿ. ಚಿತ್ರ, ಶಿಲ್ಪ, ರೇಖಾಚಿತ್ರದ ಮೂಲ ಪ್ರತಿ ಅಥವಾ ಮೂಲ ಹಸ್ತಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ 10%ವರೆಗೆ ಪಾಲು ಕೇಳುವ ಹಕ್ಕಿದೆ. ಬಳಕೆಯಲ್ಲಿ ಕಾಣುವುದು ಅಪರೂಪ. ಯಾರು ಯಾರಿಗೆ ಎಷ್ಟಕ್ಕೆ ಮಾರಿದರು ಅನ್ನುವುದೇ ತಿಳಿಯದಿದ್ದರೆ ಕೇಳುವುದು ಯಾರನ್ನ? ಕ್ಯಾನ್ವಾಸ್ ಜೊತೆ ಟೋಕನ್ ಕೊಟ್ಟರೆ ಆ ಮಾಹಿತಿಯಾದರೂ ಸ್ವಲ್ಪ ಸಿಗುತ್ತದೆ.

ಹಂತ 7: ಕೊಳ್ಳುವವರು

ಕನ್ನಡ ಓದುಗರಲ್ಲಿ ಕ್ರಿಪ್ಟೋ ವ್ಯಾಲೆಟ್ ಇರುವವರು ಕಡಿಮೆ. ‘ವ್ಯಾಲೆಟ್ ಮಾಡ್ಕೊಂಡು ಬನ್ನಿ’ ಅಂದರೆ ನಿಮ್ಮ ಅತ್ತಿಗೆಯೂ ಬರುವುದಿಲ್ಲ. ಎರಡು ಬಗೆಯ ಗಿರಾಕಿಗಳನ್ನು ಬೇರೆ ಬೇರೆ ನೋಡಿಕೊಳ್ಳಿ.

ವ್ಯಾಲೆಟ್ ಇರುವ ಸಂಗ್ರಾಹಕರು ಹೆಚ್ಚಾಗಿ ಎಕ್ಸ್‌ನಲ್ಲಿ, ಫಾರ್‌ಕಾಸ್ಟರ್ ಎಂಬ ಸಾಮಾಜಿಕ ಜಾಲದಲ್ಲಿ, ಡಿಸ್ಕಾರ್ಡ್ ಬಳಗಗಳಲ್ಲಿ ಇರುತ್ತಾರೆ. ಅಲ್ಲಿ ಕೊಂಡಿ ಎಸೆದು ಓಡಿದರೆ ಯಾರೂ ನೋಡುವುದಿಲ್ಲ. ಕೆಲಸ ನಡೆಯುವ ರೀತಿ ತೋರಿಸಿ. ಗೆಸ್ಸೋ ಉಬ್ಬಿಸುವುದು, ಚಿನ್ನದ ಹಾಳೆ ಅಂಟಿಸುವುದು, ಲೇಯರ್ ಕಟ್ಟುವುದು. ಬೇರೆ ಕಲಾವಿದರ ಒಂದೆರಡು ಅಗ್ಗದ ಪ್ರತಿ ನೀವೂ ಕೊಳ್ಳಿ. ಅಲ್ಲಿ ಸ್ನೇಹ ಬೆಳೆಯುವುದು ಹಾಗೆಯೇ.

ಊರಿನ ಗಿರಾಕಿಗಳಿಗೆ ಪ್ರಿಂಟ್ ಅಥವಾ ಮೂಲ ಚಿತ್ರವನ್ನು ಯುಪಿಐನಲ್ಲೇ ಮಾರಿ. ಟೋಕನ್ ಅನ್ನು ಅಸಲಿತನದ ಪ್ರಮಾಣಪತ್ರವಾಗಿ ಜೊತೆಗೆ ಕೊಡಿ, ಬೇಕಾದವರು ತೆಗೆದುಕೊಳ್ಳಲಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗುವವರಾದರೆ ಚಿತ್ರದ ಪಕ್ಕ ಒಂದು ಕ್ಯೂಆರ್ ಅಂಟಿಸಿ. ಅದನ್ನು ಸ್ಕ್ಯಾನ್ ಮಾಡಿದರೆ ಕೃತಿಯ ದಾಖಲೆ ಪುಟ ತೆರೆಯಬೇಕು, ಅಷ್ಟೇ. ‘ಎನ್‌ಎಫ್‌ಟಿ’ ಅನ್ನುವ ಶಬ್ದ ಎತ್ತುವುದೇ ಬೇಡ.

ಕಲಾವಿದರನ್ನೇ ಹುಡುಕಿ ಬರುವ ಮೋಸ ಒಂದಿದೆ. ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಬರುತ್ತದೆ: ‘ನಿಮ್ಮ ಐದು ಚಿತ್ರ ಎನ್‌ಎಫ್‌ಟಿಯಾಗಿ ಬೇಕು, ಒಂದಕ್ಕೆ 2 ಇಥರ್ ಕೊಡುತ್ತೇನೆ, ಈ ಸೈಟ್‌ನಲ್ಲಿ ಹಾಕಿ.’ (ಇಥರ್ ಅಂದರೆ ಇಥೀರಿಯಂನ ನಾಣ್ಯ.) ಆ ಸೈಟ್ ಅವರದೇ. ಏರಿಸಲು ಫೀ ಕೇಳುತ್ತದೆ. ಆಮೇಲೆ ಖಾತೆಯಲ್ಲಿ ಲಕ್ಷಗಟ್ಟಲೆ ದುಡ್ಡು ಬಂದಂತೆ ತೋರಿಸುತ್ತದೆ. ತೆಗೆಯಲು ಹೋದರೆ ಮತ್ತೆ ‘ವಿತ್‌ಡ್ರಾ ಫೀ’, ‘ತೆರಿಗೆ’. ಕೊಟ್ಟಷ್ಟೂ ಕೇಳುತ್ತಾರೆ. ನಿಜವಾದ ಕೊಳ್ಳುವವರು ನೀವು ಇರುವ ಮಾರುಕಟ್ಟೆಗೆ ಬರುತ್ತಾರೆ. ಅಪರಿಚಿತ ಸೈಟ್‌ಗೆ ನಿಮ್ಮನ್ನು ಕರೆಯುವುದಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 8: ದುಡ್ಡು ಬ್ಯಾಂಕಿಗೆ, ಪಾಲು ಸರ್ಕಾರಕ್ಕೆ

ಮಾರಾಟದ ನಾಣ್ಯವನ್ನು ಎಕ್ಸ್‌ಚೇಂಜ್‌ಗೆ ಕಳಿಸಿ, ಅಲ್ಲಿ ಮಾರಿ, ರೂಪಾಯಿ ಬ್ಯಾಂಕಿಗೆ ತರುತ್ತೀರಿ. ಕಳಿಸುವಾಗ ಚೈನ್ ಸರಿಯಿದೆಯಾ ನೋಡಿ. ಬೇಸ್‌ನಲ್ಲಿರುವ ಇಥರ್ ಅನ್ನು, ಬೇಸ್ ತೆಗೆದುಕೊಳ್ಳದ ಎಕ್ಸ್‌ಚೇಂಜ್‌ನ ವಿಳಾಸಕ್ಕೆ ಕಳಿಸಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಎಕ್ಸ್‌ಚೇಂಜ್‌ನಲ್ಲಿ ದುಡ್ಡು ಇಟ್ಟುಕೊಂಡು ಕೂರಬೇಡಿ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾಯಿತು. ಜನ ತಮ್ಮ ದುಡ್ಡಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಈಗ ತೆರಿಗೆ. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ (ವಿಡಿಎ) ಆದಾಯಕ್ಕೆ 30% ತೆರಿಗೆ, ಮೇಲೆ 4% ಸೆಸ್. ಒಟ್ಟು 31.2%. ಎನ್‌ಎಫ್‌ಟಿಯೂ ಇದರಲ್ಲಿ ಸೇರಿದೆ. ಖರೀದಿ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಸರಿದೂಗಿಸುವಂತಿಲ್ಲ. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿಗೂ ಇದೇ ದರ. 2022ರ ಜುಲೈ 1ರಿಂದ ಮಾರಾಟದ ಮೇಲೆ 1% ಟಿಡಿಎಸ್ ಕೂಡ ಇದೆ. ಮಿತಿ ಕೆಲವರಿಗೆ ವರ್ಷಕ್ಕೆ 50,000 ರೂಪಾಯಿ, ಉಳಿದವರಿಗೆ 10,000. ಈ ಟಿಡಿಎಸ್ ನಿಮ್ಮ ಲೆಕ್ಕಕ್ಕೇ ಜಮೆಯಾಗುತ್ತದೆ, ರಿಟರ್ನ್‌ನಲ್ಲಿ ಕೇಳಿ ಪಡೆಯಬಹುದು.

ಕಲಾವಿದರಿಗೆ ಪೆಟ್ಟು ಬೀಳುವುದು ಹೇಗೆ ಅಂತ ಲೆಕ್ಕ ಹಾಕಿ ನೋಡೋಣ. ಒಂದು ಕೃತಿ 10,000 ರೂಪಾಯಿ ಬೆಲೆಯ ಇಥರ್‌ಗೆ ಹೋಯಿತು ಅನ್ನಿ. ಕೃತಿ ನೀವೇ ಮಾಡಿದ್ದು, ಖರೀದಿ ಬೆಲೆ ಇಲ್ಲ. ಕಟ್ಟುನಿಟ್ಟಾಗಿ ಓದಿದರೆ ಪೂರ್ತಿ 10,000ಕ್ಕೆ ತೆರಿಗೆ: 3,120 ರೂಪಾಯಿ. ನೀವು ಇಥರ್ ಮಾರದೆ ಇಟ್ಟುಕೊಂಡಿರಿ. ಬೆಲೆ ಇಳಿಯಿತು, 7,000ಕ್ಕೆ ಮಾರಿದಿರಿ. ಆ 3,000 ನಷ್ಟಕ್ಕೆ ಯಾವ ವಿನಾಯಿತಿಯೂ ಇಲ್ಲ. ತೆರಿಗೆ ಕಟ್ಟಿ ಕೈಯಲ್ಲಿ ಉಳಿದದ್ದು 3,880. ಬೆಲೆ ಏರಿ 13,000ಕ್ಕೆ ಮಾರಿದ್ದರೆ? ಏರಿದ 3,000ಕ್ಕೆ ಮತ್ತೆ 936 ರೂಪಾಯಿ ತೆರಿಗೆ. ಇಳಿದರೆ ನಿಮ್ಮದು, ಏರಿದರೆ ಸರ್ಕಾರಕ್ಕೂ ಪಾಲು. ಅದಕ್ಕೇ ನಾನು ಹೇಳುವುದು: ಕಲೆ ಮಾರಿ ಬಂದ ನಾಣ್ಯವನ್ನು ಆದಷ್ಟು ಬೇಗ ರೂಪಾಯಿ ಮಾಡಿ. ಕಲಾವಿದರಾಗಿ ಬಂದು ಸಟ್ಟಾ ಆಡುವವರಾಗಬೇಡಿ.

ಒಂದು ಸಣ್ಣ ಬಾಗಿಲಿದೆ. 2022ರ ಜೂನ್ 30ರ ಅಧಿಸೂಚನೆ ಪ್ರಕಾರ, ಟೋಕನ್ ವರ್ಗಾವಣೆಯಿಂದ ಅದರ ಹಿಂದಿನ ಭೌತಿಕ ವಸ್ತುವಿನ ಮಾಲೀಕತ್ವವೂ ಕಾನೂನಿನ ಪ್ರಕಾರ ವರ್ಗವಾಗುವುದಿದ್ದರೆ ಅದು ವರ್ಚುವಲ್ ಡಿಜಿಟಲ್ ಆಸ್ತಿಯ ವ್ಯಾಖ್ಯೆಯಿಂದ ಹೊರಗೆ. ಕ್ಯಾನ್ವಾಸ್ ಜೊತೆ ಟೋಕನ್ ಮಾರುವವರಿಗೆ ಇದು ಅನ್ವಯಿಸಬಹುದು. ಆದರೆ ಪತ್ರ ಸರಿಯಾಗಿರಬೇಕು. ಸ್ವಂತ ಕೃತಿಯ ಮೊದಲ ಮಾರಾಟವನ್ನು ವೃತ್ತಿ ಆದಾಯ ಎಂದು ತೋರಿಸಬಹುದೇ ಅನ್ನುವುದಕ್ಕೂ ಎರಡು ವಾದಗಳಿವೆ. ಇಂಥ ಕಡೆ ಕ್ರಿಪ್ಟೋ ಗೊತ್ತಿರುವ ಸಿಎ ಒಬ್ಬರಿಗೆ ಫೀ ಕೊಡುವುದು ಉಳಿತಾಯವೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಲೆಕ್ಕ. ಹಳೇ ಲೇಖನಗಳಲ್ಲಿರುವ 115ಬಿಬಿಎಚ್, 194ಎಸ್ ಎಂಬ ಸೆಕ್ಷನ್ ನಂಬರ್‌ಗಳನ್ನು ನೋಡಿ ಗಾಬರಿಯಾಗಬೇಡಿ.

ಮಾರಾಟವಾದ ದಿನವೇ ಒಂದು ಎಕ್ಸೆಲ್‌ನಲ್ಲಿ ಬರೆದಿಡಿ: ದಿನಾಂಕ, ಕೃತಿ, ಎಷ್ಟು ನಾಣ್ಯ, ಆ ಹೊತ್ತಿನ ರೂಪಾಯಿ ಬೆಲೆ, ವಹಿವಾಟಿನ ಹ್ಯಾಶ್ (ಚೈನ್ ಮೇಲಿನ ಅದರ ಗುರುತು ಸಂಖ್ಯೆ), ಟಿಡಿಎಸ್. ಜುಲೈನಲ್ಲಿ ಕೂತು ಹಳೇ ಬೆಲೆ ಹುಡುಕುವುದು ದೊಡ್ಡ ತಲೆನೋವು. ಸರಳವಾದ ಐಟಿಆರ್-1 ಇಲ್ಲಿ ನಡೆಯುವುದಿಲ್ಲ, ವಿಡಿಎ ಷೆಡ್ಯೂಲ್ ಇರುವ ಫಾರಂ ಬೇಕು.

ಹಂತ 9: ನಿಮ್ಮ ನಂತರ

ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಬೇರೆ ಹಂತ ಮಾಡಿ ಬರೆಯುತ್ತಿದ್ದೇನೆ. ನಿಮ್ಮ ಚಿತ್ರ, ಬರಹಗಳ ಕೃತಿಸ್ವಾಮ್ಯ ನೀವು ಹೋದಮೇಲೂ 60 ವರ್ಷ ಇರುತ್ತದೆ. ಅದು ವಾರಸುದಾರರಿಗೆ ಹೋಗುತ್ತದೆ. ಆದರೆ ಸೀಡ್ ಫ್ರೇಸ್ ಅವರಿಗೆ ಸಿಗದಿದ್ದರೆ ವ್ಯಾಲೆಟ್‌ನಲ್ಲಿ ಇರುವುದು ಯಾರಿಗೂ ಇಲ್ಲ. ಕೋರ್ಟ್ ಆದೇಶ ತಂದರೂ ಬೀಗ ತೆಗೆಯುವವರಿಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ವ್ಯಾಲೆಟ್, ಯಾವ ಚೈನ್, ಕಾಂಟ್ರ್ಯಾಕ್ಟ್ ವಿಳಾಸ, ಪಿನ್ ಮಾಡಿದ ಸೇವೆಯ ಖಾತೆ, ಮೂಲ ಫೈಲುಗಳ ಹಾರ್ಡ್‌ಡಿಸ್ಕ್ ಎಲ್ಲಿದೆ. ಸೀಡ್ ಫ್ರೇಸ್ ಅನ್ನು ಆ ಹಾಳೆಯಲ್ಲೇ ಬರೆಯಬೇಡಿ. ಅದು ಬೇರೆ ಲಕೋಟೆಯಲ್ಲಿ, ಬೇರೆ ಜಾಗದಲ್ಲಿ ಇರಲಿ. ಎರಡೂ ಎಲ್ಲಿವೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿ. ಪಿನ್ ಸೇವೆಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕಾಗಿದ್ದರೆ ಆ ತಾರೀಖನ್ನೂ ಅದರಲ್ಲಿ ಬರೆಯಿರಿ.